ಮಲೆನಾಡಿನ ಕೇಬಲ್ ತಂತಿಯೂ ಸಹಕಾರ ತತ್ತ್ವವೂ

ಕೇಬಲ್ ದೂರದರ್ಶನವು ಮಹಾನಗರಗಳ ಕೊಡುಗೆಯೆಂಬ ಭಾವನೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಅದು ಗುಡ್ಡಗಾಡಿನ ಕೂಸು. 1948ರ ಸುಮಾರಿಗೆ ಅಮೆರಿಕದ ಪೆನ್ಸಿಲ್ವೇನಿಯ ಮತ್ತು ಆರೆಗಾನ್ ರಾಜ್ಯಗಳ ಸಣ್ಣ ಊರುಗಳಲ್ಲಿ ಪ್ರಸಾರದ ಅಲೆಗಳು ದುರ್ಬಲವಾಗಿದ್ದಾಗ, ಎತ್ತರದಲ್ಲೊಂದು ಆಂಟೆನಾ ನಿಲ್ಲಿಸಿ ತಂತಿಯ ಮೂಲಕ ಮನೆಮನೆಗೆ ಚಿತ್ರ ತಲುಪಿಸಲಾಯಿತು. ಮುಂದೆ ಅಲ್ಲಿನ ಹಲವು ಗ್ರಾಮೀಣ ದೂರವಾಣಿ ಸಹಕಾರ ಸಂಘಗಳು ಈ ಸೇವೆಯನ್ನೂ ಕೈಗೆತ್ತಿಕೊಂಡವು. ಇಂದು ಅವುಗಳಲ್ಲಿ ಅನೇಕವು ಅಂತರಜಾಲವನ್ನೂ ಒದಗಿಸುತ್ತಿವೆ.

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಭಾಗಗಳಿಗೂ ಬೆಟ್ಟವೇ ಅಡ್ಡಿ. 1990ರ ದಶಕದಲ್ಲಿ ಕಾಫಿ ಮಂಡಳಿಯ ಕಡ್ಡಾಯ ಪೂಲ್ ವ್ಯವಸ್ಥೆ ಹಂತಹಂತವಾಗಿ ಕೊನೆಗೊಂಡಿತು. ನ್ಯೂಯಾರ್ಕಿನ ಅರೇಬಿಕಾ, ಲಂಡನ್ನಿನ ರೋಬಸ್ಟಾ ಧಾರಣೆಯ ಮೇಲೆ ಬೆಳೆಗಾರರೂ ವರ್ತಕರೂ ದಿನವೂ ಕಣ್ಣಿಡಬೇಕಾಯಿತು. ಸುದ್ದಿ ತರುವ ತಂತಿ ವ್ಯಾಪಾರದ ತಂತಿಯೂ ಆಯಿತು.

ಆದರೆ ನಮ್ಮ ದೇಶದಲ್ಲಿ ಕೇಬಲ್ ಉದ್ದಿಮೆ ಬೆಳೆದದ್ದು ಬಿಡಿ ಬಿಡಿ ವ್ಯಕ್ತಿಗಳ ಕೈಯಲ್ಲಿ. 1995ರ ಕೇಬಲ್ ದೂರದರ್ಶನ ಜಾಲಗಳ ಕಾಯಿದೆ ಅವರನ್ನು ನೋಂದಣಿಗೆ ಒಳಪಡಿಸಿತು. 2011ರ ತಿದ್ದುಪಡಿಯಿಂದ ಆರಂಭವಾದ ಡಿಜಿಟಲೀಕರಣದ ಕೊನೆಯ ಹಂತದ ಗಡುವು ಗ್ರಾಮೀಣ ಭಾಗಕ್ಕೆ 2017ರ ಮಾರ್ಚ್ 31 ಆಗಿತ್ತು. ಸೆಟ್‌ಟಾಪ್ ಬಾಕ್ಸ್, ದುಬಾರಿ ಉಪಕರಣಗಳ ಹೊರೆಯಿಂದ ಊರಿನ ಕೇಬಲ್‌ನವರು ದೊಡ್ಡ ಸಂಸ್ಥೆಗಳನ್ನು ಅವಲಂಬಿಸಬೇಕಾಯಿತು. ಡಿಶ್ ಮತ್ತು ಮೊಬೈಲ್‌ಗಳ ಪೈಪೋಟಿಯೂ ಅದರೊಡನೆ ಸೇರಿತು.

ತೋಟಗಳ ನಾಡಿನ ಲೆಕ್ಕವೇ ಬೇರೆ. ಪೇಟೆಯಲ್ಲಿ ಒಂದು ಕಿಲೋಮೀಟರ್ ತಂತಿ ನೂರಾರು ಮನೆಗಳನ್ನು ಮುಟ್ಟಬಹುದು. ಇಲ್ಲಿ ಬೆರಳೆಣಿಕೆಯ ಮನೆಗಳು. ಮಳೆಗಾಲದಲ್ಲಿ ಮರ ಬಿದ್ದರೆ ತಂತಿ ಹರಿಯುತ್ತದೆ. ಲಾಭವನ್ನಷ್ಟೇ ನೋಡುವ ದೂರದ ಸಂಸ್ಥೆಗೆ ಇಂತಹ ಊರು ಹೊರೆ. ಅಲ್ಲಿಯೇ ಬಾಳುವವರಿಗೆ ಅದು ಅನಿವಾರ್ಯ. ಸಹಕಾರ ತತ್ತ್ವ ಹುಟ್ಟಿದ್ದೇ ಇಂತಹ ಅಂತರವನ್ನು ತುಂಬಲು.

ಇದು ಕನ್ನಡ ನಾಡಿಗೆ ಅಪರಿಚಿತ ಮಾರ್ಗವಲ್ಲ. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲೇ ಕೃಷಿ ಪತ್ತಿನ ಸಹಕಾರ ಸಂಘ ಆರಂಭವಾಯಿತು. ಬೆಳಗಾವಿ ಜಿಲ್ಲೆಯಲ್ಲಿ 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ಮನೆಮನೆಗೆ ವಿದ್ಯುತ್ ಹಂಚಿತು. ವಿದ್ಯುತ್ತಿನ ತಂತಿ ನಿರ್ವಹಿಸಬಲ್ಲ ಸಂಘಕ್ಕೆ ಕೇಬಲ್ ತಂತಿ ಅಸಾಧ್ಯವೇನಲ್ಲ. ನೆರೆಯ ಕೇರಳದಲ್ಲಿ ಸಣ್ಣ ಕೇಬಲ್ ಉದ್ಯಮಿಗಳು ಒಗ್ಗೂಡಿ ಕಟ್ಟಿದ ಕೇರಳ ವಿಷನ್ ಇಂದು ದೂರದರ್ಶನದೊಡನೆ ಬ್ರಾಡ್‌ಬ್ಯಾಂಡನ್ನೂ ನೀಡುತ್ತಿದೆ.

ಸಹಕಾರ ಸಂಘಗಳೆಂದರೆ ರಾಜಕೀಯ, ಬಾಕಿ ವಸೂಲಿಯ ತೊಡಕು ಎಂಬ ಆಕ್ಷೇಪ ನಿರಾಧಾರವಲ್ಲ. ಆದುದರಿಂದಲೇ ಸದಸ್ಯರ ಠೇವಣಿ, ಮಳೆಗಾಲದ ದುರಸ್ತಿಗೆ ಮೀಸಲು ನಿಧಿ, ವೃತ್ತಿಪರ ವ್ಯವಸ್ಥಾಪಕ, ಕಾಲಕಾಲದ ಲೆಕ್ಕಪರಿಶೋಧನೆ ಇವು ಮೊದಲ ದಿನದಿಂದಲೇ ಇರಬೇಕು. 1959ರ ಸಹಕಾರ ಸಂಘಗಳ ಕಾಯಿದೆಯ ಜೊತೆಗೆ, ಹೆಚ್ಚಿನ ಸ್ವಾಯತ್ತತೆ ನೀಡುವ 1997ರ ಸೌಹಾರ್ದ ಸಹಕಾರಿ ಕಾಯಿದೆಯೂ ರಾಜ್ಯದಲ್ಲಿದೆ.

ಜಿಎಸ್‌ಟಿ ವಿವರಣೆ ಸಲ್ಲಿಕೆ, ಯುಪಿಐ ಪಾವತಿ, ಹೋಂಸ್ಟೇ ಬುಕಿಂಗ್ ಎಲ್ಲಕ್ಕೂ ಇಂದು ಸಂಪರ್ಕವೇ ಬಂಡವಾಳ. ಊರಿನ ಕೇಬಲ್‌ನವರು ಮುಚ್ಚಿಕೊಂಡು ಹೋದ ಮೇಲೆ ಹೊಸ ತಂತಿ ಎಳೆಯುವ ವೆಚ್ಚ ವರ್ತಕರ ಮೇಲೂ ಬೀಳುತ್ತದೆ. ಇರುವ ಕಂಬ, ತಂತಿ ಮತ್ತು ಅನುಭವ ಚದುರಿಹೋಗುವ ಮುನ್ನ ಕೇಬಲ್ ಉದ್ಯಮಿಗಳು, ಬೆಳೆಗಾರರು, ಅಂಗಡಿಕಾರರು ಪಾಲುದಾರರಾಗಿ ಒಂದೆಡೆ ಕೂಡುವುದು ವಿವೇಕದ ನಡೆ.