ಮೂವತ್ತಕ್ಕೇ ನಿವೃತ್ತಿ, ಆಮೇಲೆ?

ಶಂಕರ್ ಲಕ್ಷ್ಮಣ್ ಹೆಸರು ಈಗಿನ ಹುಡುಗರಿಗೆ ಗೊತ್ತಿರಲಾರದು. 1956, 1960, 1964ರ ಒಲಿಂಪಿಕ್ಸ್‌ಗಳಲ್ಲಿ ಭಾರತ ಹಾಕಿ ತಂಡದ ಗೋಲು ಕಾದವರು ಅವರು. ಎರಡು ಚಿನ್ನ, ಒಂದು ಬೆಳ್ಳಿ. 1966ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡಕ್ಕೆ ನಾಯಕರೂ ಹೌದು. ಅಂಥವರು 2006ರಲ್ಲಿ ಮಧ್ಯಪ್ರದೇಶದ ಮ್ಹೌನಲ್ಲಿ ಕಾಲಿಗೆ ಗ್ಯಾಂಗ್ರಿನ್ ಆಗಿ, ಬಡತನದಲ್ಲೇ ತೀರಿಕೊಂಡರು.

ಈಗ ಕಾಲ ಅಷ್ಟು ಕೆಟ್ಟದಾಗಿಲ್ಲ, ನಿಜ. ಒಲಿಂಪಿಕ್ಸ್ ಪದಕ ಗೆದ್ದವರಿಗೆ ಕೇಂದ್ರ ಸರ್ಕಾರ ತಿಂಗಳಿಗೆ 20,000 ರೂಪಾಯಿ ಪಿಂಚಣಿ ಗೊತ್ತುಮಾಡಿದೆ. ಹಳೆಯ ಕ್ರಿಕೆಟಿಗರನ್ನು ಬಿಸಿಸಿಐ ನೋಡಿಕೊಳ್ಳುತ್ತದೆ. ಆದರೆ ರಾಜ್ಯ ತಂಡದಲ್ಲಿ ಹತ್ತು ವರ್ಷ ರೈಡ್ ಮಾಡಿದ ಕಬಡ್ಡಿ ಆಟಗಾರ್ತಿಗೆ? ರಾಷ್ಟ್ರೀಯ ಕೂಟದ 800 ಮೀಟರ್ ಓಟದಲ್ಲಿ ನಾಲ್ಕನೆಯವನಾಗಿ ಬಂದವನಿಗೆ? ಕ್ರೀಡಾಂಗಣ ತುಂಬುವವರು ಇವರೇ. ಪಿಂಚಣಿಯ ಪಟ್ಟಿಯಲ್ಲಿ ಮಾತ್ರ ಇವರಿಲ್ಲ.

ಇವರ ಕಷ್ಟ ಆಟ ಬಿಟ್ಟ ದಿನ ಶುರುವಾಗುವುದಲ್ಲ, ಕ್ರೀಡಾ ಹಾಸ್ಟೆಲ್ ಸೇರಿದ ದಿನವೇ ಶುರುವಾಗಿರುತ್ತದೆ. ಬೆಳಿಗ್ಗೆ ಅಭ್ಯಾಸ, ಸಂಜೆ ಅಭ್ಯಾಸ, ನಡುವೆ ತರಗತಿಯಲ್ಲಿ ತೂಕಡಿಕೆ. ಪರೀಕ್ಷೆಯ ಹೊತ್ತಿಗೆ ಸರಿಯಾಗಿ ಶಿಬಿರ. ಇಪ್ಪತ್ತೆಂಟಕ್ಕೆ ಮಂಡಿಯ ಲಿಗಮೆಂಟ್ ಹರಿದಾಗ ಕೈಯಲ್ಲಿ ಪ್ರಮಾಣಪತ್ರಗಳ ಕಟ್ಟು ಇರುತ್ತದೆ, ಪದವಿ ಇರುವುದಿಲ್ಲ. ದೈಹಿಕ ಶಿಕ್ಷಕಿಯಾಗೋಣವೆಂದರೆ ಬಿ.ಪಿ.ಇಡಿ. ಕೇಳುತ್ತಾರೆ, ಕೋಚ್ ಆಗೋಣವೆಂದರೆ ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಎನ್‌ಐಎಸ್ ಡಿಪ್ಲೊಮಾ. ತನಗೆ ಚೆನ್ನಾಗಿ ಗೊತ್ತಿರುವ ಒಂದೇ ಕೆಲಸಕ್ಕೆ ಅವಳು ಅನರ್ಹಳು! ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ಕಾಣುತ್ತಿಲ್ಲ.

ಕ್ರೀಡಾ ಕೋಟಾದಲ್ಲಿ ರೈಲ್ವೆಗೋ ಪೊಲೀಸ್ ಇಲಾಖೆಗೋ ಸೇರಿದವರು ಅದೃಷ್ಟವಂತರು.

ಹಣವೊಂದೇ ಸಮಸ್ಯೆ ಅಲ್ಲ ಎಂಬುದನ್ನೂ ಹೇಳಬೇಕು. ಶೂಟರ್ ಅಭಿನವ್ ಬಿಂದ್ರಾ ಉಳ್ಳವರ ಮನೆಯವರು. 2008ರ ಬೀಜಿಂಗ್ ಚಿನ್ನದ ನಂತರವೇ ತಾವು ಮಾನಸಿಕವಾಗಿ ಅತ್ಯಂತ ಕುಸಿದದ್ದು ಎಂದು ಅವರೇ ಹೇಳಿಕೊಂಡಿದ್ದಾರೆ. ಹಾಗಿದ್ದರೆ ಬಾಡಿಗೆ ಮನೆಯಲ್ಲಿ ಕೂತು ಮುಂದೇನು ಎಂದು ಯೋಚಿಸುವವಳ ಗತಿ?

ನಿವೃತ್ತ ಕ್ರೀಡಾಪಟುಗಳಿಗೆ ತರಬೇತಿ ಕೊಡುವ ‘ರೀಸೆಟ್’ ಯೋಜನೆಯನ್ನು ಕೇಂದ್ರ 2024ರಲ್ಲಿ ಆರಂಭಿಸಿತು. ಒಳ್ಳೆಯದೇ, ಆದರೆ ಅದು ಆಟ ಮುಗಿದ ಮೇಲಿನ ಮಾತು. ನಮ್ಮ ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಅದಕ್ಕೂ ಮೊದಲು ಕೈಹಾಕಬೇಕು. ಶಿಬಿರದಲ್ಲಿರುವ ಮಕ್ಕಳಿಗೆ ಪ್ರತ್ಯೇಕ ದಿನಾಂಕದಲ್ಲಿ ಪರೀಕ್ಷೆ ನಡೆಯಲಿ, ಪ್ರತಿ ಹಾಸ್ಟೆಲಿನಲ್ಲೂ ಸಂಜೆ ಪಾಠ ಹೇಳುವ ಮೇಷ್ಟ್ರು ಇರಲಿ. ಆಟ ಬಿಟ್ಟವರು ಪದವಿ, ಬಿ.ಪಿ.ಇಡಿ. ಮುಗಿಸುವವರೆಗೆ ಶುಲ್ಕವನ್ನೂ ಊಟದ ಖರ್ಚನ್ನೂ ಸರ್ಕಾರವೇ ಭರಿಸಲಿ. ಗೆದ್ದವರಿಗೆ ಕೋಟಿಗಳಲ್ಲಿ ಬಹುಮಾನ ಘೋಷಿಸುವ ಸರ್ಕಾರಕ್ಕೆ ಇದು ಹೊರೆಯಾಗಲಾರದು.