ಶಿಶುಗೀತದ ತಾಳವೂ ನಮ್ಮ ಮಕ್ಕಳ ಕನ್ನಡವೂ

ವಿಶಾಖಪಟ್ಟಣದ ಬಂದರು, ಉಕ್ಕಿನ ಕಾರ್ಖಾನೆಗಳನ್ನೂ ವಿಜಯವಾಡದ ರೈಲ್ವೆ, ಹೋಟೆಲುಗಳನ್ನೂ ನಂಬಿ ನೆಲೆಸಿದ ಕನ್ನಡ ಮನೆತನಗಳಲ್ಲಿ ಒಂದು ಕೊರಗುಂಟು: ಮಕ್ಕಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ. ಪರಿಹಾರವೆಂದು ಹಿರಿಯರು ಒಡನೆಯೇ ಅಕ್ಷರಮಾಲೆಯನ್ನು ಮಗುವಿನ ಕೈಗೆ ಕೊಡುತ್ತಾರೆ. ಕಿವಿ ಪಳಗುವ ಮೊದಲೇ ಕಣ್ಣನ್ನು ದಣಿಸುವ ಈ ಕ್ರಮ ತರವಲ್ಲವೆಂಬುದು ನಮ್ಮ ಅಭಿಪ್ರಾಯ.

ಪಂಜೆ ಮಂಗೇಶರಾಯರ (1874–1937) ‘ಹಾವಿನ ಹಾಡ’ನ್ನೇ ಪರಿಶೀಲಿಸೋಣ. ಹ್ರಸ್ವಾಕ್ಷರಕ್ಕೆ 1 ಮಾತ್ರೆ, ದೀರ್ಘಕ್ಕೆ 2 ಎಂಬ ಲೆಕ್ಕದಲ್ಲಿ ಅದರ ನಡಿಗೆ 4 ಮಾತ್ರೆಗಳ ಗಣದ್ದು. ಇಂಥ 4 ಗಣ ಸೇರಿ 16 ಮಾತ್ರೆಗಳ ಸಾಲು. ಸಾಲುಗಳ ಕೊನೆಯಲ್ಲಿ ಅಂತ್ಯಪ್ರಾಸವಿದೆ. ಮೊದಲಲ್ಲಿ ಹಳಗನ್ನಡ ಕವಿಗಳು ತಪ್ಪದೆ ಪಾಲಿಸಿದ ಎರಡನೆಯ ಅಕ್ಷರದ ಪ್ರಾಸವೂ ಇದೆ. ಮೊದಲ ನುಡಿಯ ಕಡೆಗೆ ಹಾವನ್ನು ಕರೆಯುವ ಒಂದೇ ದೀರ್ಘಾಕ್ಷರ 8 ಸಲ ಬರುತ್ತದೆ. 8 ದೀರ್ಘಗಳೆಂದರೆ ಸರಿಯಾಗಿ 16 ಮಾತ್ರೆ! ಆಟದಂತೆ ಕಾಣುವ ಪುನರುಕ್ತಿ ಅಳತೆಯನ್ನು ಎಳ್ಳಷ್ಟೂ ಮೀರಿಲ್ಲ. ಮುಂದಿನ ನುಡಿಗಳಲ್ಲಿ ಆ ಅಕ್ಷರ ಬದಲಾಗುತ್ತ, ಕರೆಯು ಬೇಡಿಕೆಯಾಗಿ, ಕಡೆಗೆ ಹೋಗೆಂಬ ಮಾತಾಗುತ್ತದೆ.

ಚಪ್ಪಾಳೆ ತಟ್ಟಿ ಹಾಡುವ ಮಗು ದೀರ್ಘವನ್ನು ಹ್ರಸ್ವಗೊಳಿಸಿದರೆ ತಾಳವೇ ತಪ್ಪುತ್ತದೆ. ತಿದ್ದಲು ಉಪಾಧ್ಯಾಯರು ಬೇಕಿಲ್ಲ. ‘ಬಳೆ’ಗೂ ‘ಬಾಳೆ’ಗೂ ಇರುವ ಅಂತರ ಒಂದೇ ಮಾತ್ರೆಯದಲ್ಲವೆ?

ಸುತ್ತಲಿನ ತೆಲುಗು ಇದಕ್ಕೆ ಅಡ್ಡಿಯೆಂದು ಭಾವಿಸಲಾಗದು. ಆಂಧ್ರದ ಮಕ್ಕಳು ಕಂಠಪಾಠ ಮಾಡುವ ಸುಮತಿ ಶತಕದ ಪದ್ಯಗಳು ಕಂದದಲ್ಲಿವೆ. ಕಂದವು ಕನ್ನಡ, ತೆಲುಗುಗಳೆರಡರ ಸ್ವತ್ತು. ಅಲ್ಲಿಯೂ 4 ಮಾತ್ರೆಗಳ ಗಣ, ಅಲ್ಲಿಯೂ ಎರಡನೆಯ ಅಕ್ಷರದ ಪ್ರಾಸ. ಪಂಜೆಯವರ ಹಾಡಿಗೆ ಬೇಕಾದ ಕಿವಿಯನ್ನು ತೆಲುಗಿನ ಪಾಠವೇ ಸಿದ್ಧಗೊಳಿಸಿ ಕೊಟ್ಟಿರುವಾಗ, ನೆರೆನುಡಿಯನ್ನು ದೂರುವುದು ನ್ಯಾಯವೆ?

ಹಾಡಿದ ಮಾತ್ರಕ್ಕೆ ಭಾಷೆ ಬಂದೀತೆ ಎಂದು ಕೆಲವರು ಕೇಳಬಹುದು. ಹಾಡೊಂದರಿಂದಲೇ ಬಾರದು, ಓದು, ಬರಹ, ಮನೆಮಾತು ಎಲ್ಲವೂ ಬೇಕು. ಆದರೆ ನಾಚಿಕೆಯಿಂದ ಬಿಗಿದ ಬಾಯನ್ನು ಮೊದಲು ತೆರೆಯಿಸುವ ಶಕ್ತಿ ಹಾಡಿಗುಂಟು. ತಪ್ಪು ಮಾತನಾಡಿದರೆ ನಕ್ಕಾರೆಂದು ಅಂಜುವ ಮಗು, ಎಲ್ಲರೊಡನೆ ಹಾಡುವಾಗ ಅಂಜುವುದಿಲ್ಲ.

ಪಂಜೆಯವರು 1934ರಲ್ಲಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದು ರಾಯಚೂರಿನಲ್ಲಿ. ಆ ಸೀಮೆಯನ್ನು ಹಾಯ್ದ ಕೃಷ್ಣೆಯೇ ವಿಜಯವಾಡಕ್ಕೂ ಬರುತ್ತಾಳೆ. ಅವರ ಹಾಡೂ ನಮ್ಮ ಮನೆಗಳವರೆಗೆ ಹರಿದು ಬರಲಿ. ಮಾತಾಪಿತೃಗಳು ಈ ರಾತ್ರಿ ಪುಸ್ತಕವನ್ನು ಮುಚ್ಚಿಟ್ಟು, ಮಗುವಿನೊಡನೆ ತಾಳ ಹಾಕಿ ಒಂದು ಕನ್ನಡ ಹಾಡನ್ನು ಹಾಡಲೆಂದು ನಮ್ಮ ವಿನಂತಿ.