ಸರದಿಯ ಹಬ್ಬ

ಫಿಲಿಪೀನ್ಸಿನ ಕೆಝೋನ್ ಪ್ರಾಂತ್ಯದ ಲುಕ್ಬಾನ್ ಊರಿನಲ್ಲಿ ಮೇ 15ರಂದು ನಡೆಯುವ ಪಹಿಯಾಸ್ ಹಬ್ಬವನ್ನು ರಜೆಯ ಪ್ರವಾಸವೊಂದರಲ್ಲಿ ಕಂಡೆ. ರೈತರ ಸಂತ ಇಸಿದ್ರೊನಿಗೆ ಸಲ್ಲಿಸುವ ಸುಗ್ಗಿಯ ಕೃತಜ್ಞತೆಯಿದು. ಅಕ್ಕಿಹಿಟ್ಟಿಗೆ ಬಣ್ಣ ಬೆರೆಸಿ, ಎಲೆಯ ಮೇಲೆ ಹರಡಿ, ಹಬೆಯಲ್ಲಿ ಬೇಯಿಸಿ ಒಣಗಿಸಿದ 'ಕಿಪಿಂಗ್' ಹಪ್ಪಳಗಳು, ತೆನೆ, ತರಕಾರಿಗಳು ಮನೆಗಳ ಮುಂಭಾಗವನ್ನೇ ಮುಚ್ಚಿದ್ದವು. ಮೆರವಣಿಗೆಯ ಹಾದಿ ವರ್ಷವರ್ಷಕ್ಕೂ ಬದಲಾಗುತ್ತದೆ. ಎಲ್ಲ ಬೀದಿಗಳಿಗೂ ಸರದಿ ಬರಬೇಕೆಂಬುದೇ ಉದ್ದೇಶ.

ಅಲ್ಲಿ ನಿಂತಾಗ ನಮ್ಮ ಸಂಘದ ರಾಜ್ಯೋತ್ಸವ ನೆನಪಾಯಿತು. ಅದೇ ಸಭಾಂಗಣ, ಅದೇ ಹಾರತುರಾಯಿ, ಅದೇ ಮುಂದಿನ ಸಾಲು. ಆ ಸಾಲಿನಲ್ಲಿ ಹಲವು ವರ್ಷ ಕುಳಿತವನು ನಾನೂ ಹೌದು. ಹೊರನಾಡಿನಲ್ಲಿಯೇ ಹುಟ್ಟಿದ ನಮ್ಮ ಮಕ್ಕಳು ಅಲ್ಲಿ ಬರಿಯ ಪ್ರೇಕ್ಷಕರು. ತನ್ನ ಬಾಗಿಲಿಗೆ ಬಾರದ ಉತ್ಸವವನ್ನು ಯಾರು ತನ್ನದೆಂದಾರು? ಮುಂದಿನ ನವೆಂಬರಿನಲ್ಲಿ ನಮ್ಮ ಹಬ್ಬವು ದೂರದ ಬಡಾವಣೆಯೊಂದರ ಕನ್ನಡ ಮನೆಗಳಿಗೆ ಹೋಗಲಿ. ಅದಕ್ಕಾಗಿ ಮುಂದಿನ ಸಾಲಿನ ಆಸನವನ್ನು ಬಿಡಲು ನಾನು ಸಿದ್ಧ.